ಅಡಿಕೆಯ ಪಾಲು ತೋರಿಸಲು ಪೈ ಚಾರ್ಟೇ ಬೇಕೇ?

ತೀರ್ಥಹಳ್ಳಿ ಕಡೆಯ ನಮ್ಮೂರಿನ ಬೆಳೆಗಾರರ ಸಂಘದ ವಾರ್ಷಿಕ ವರದಿಗೆ ಚಾರ್ಟ್‌ಗಳನ್ನು ಸಿದ್ಧಪಡಿಸುವ ಕೆಲಸವನ್ನು ಈ ಬಾರಿ ನಾನು ವಹಿಸಿಕೊಂಡಿದ್ದೆ. ಸದಸ್ಯರು ಮಾರಾಟಕ್ಕೆ ತಂದ ಒಟ್ಟು ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ದರ್ಜೆಗಳ ಪಾಲು ಎಷ್ಟೆಷ್ಟು ಎಂಬುದನ್ನು ತೋರಿಸಬೇಕಿತ್ತು. ಪಾಲು ಎಂದೊಡನೆ ವೃತ್ತವನ್ನು ಹೋಳು ಮಾಡಿ ತೋರಿಸುವ ಪೈ ಚಾರ್ಟ್ ಎಂಬ ರೂಢಿಯಂತೆ ನಾನೂ ಅದನ್ನೇ ಮಾಡಿದೆ. ಕರಡು ನೋಡಿದ ಹಿರಿಯ ಸದಸ್ಯರೊಬ್ಬರು "ಇದರಲ್ಲಿ ಬೆಟ್ಟೆ ಹೆಚ್ಚೋ ಸರಕು ಹೆಚ್ಚೋ, ಹೇಳು ಮಾರಾಯ" ಎಂದು ಕೇಳಿದಾಗ, ಉತ್ತರಕ್ಕಾಗಿ ನಾನು ಚಿತ್ರವನ್ನು ಬಿಟ್ಟು ಅಂಕಿಗಳ ಕೋಷ್ಟಕವನ್ನೇ ನೋಡಬೇಕಾಯಿತು.

ವೃತ್ತಕ್ಕೆ 360 ಡಿಗ್ರಿ. ಶೇ 1ಕ್ಕೆ ದಕ್ಕುವುದು 3.6 ಡಿಗ್ರಿ ಮಾತ್ರ. ಎರಡು ಹೋಳುಗಳ ನಡುವೆ ಶೇ 2ರಷ್ಟು ವ್ಯತ್ಯಾಸವಿದ್ದರೆ ಕೋನದಲ್ಲಿ ಅದು 7.2 ಡಿಗ್ರಿ, ಅದೂ ಹೋಳುಗಳು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವಾಗ ಕಣ್ಣಿಗೆ ಸಿಗುವುದು ಕಷ್ಟ. ಬಾರ್ ಚಾರ್ಟಿನಲ್ಲಿರುವಂತೆ ಒಂದೇ ಗೆರೆಯಿಂದ ಹೊರಡುವ ಪಟ್ಟಿಗಳಲ್ಲಾದರೆ ತುದಿಗಳನ್ನು ಹೋಲಿಸಿದರೆ ಸಾಕು. ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿಯೂ ಜನರು ಕೋನಕ್ಕಿಂತ ಸಮಾನ ಅಳತೆಗೆರೆಯ ಮೇಲಿನ ಸ್ಥಾನವನ್ನು ಹೆಚ್ಚು ನಿಖರವಾಗಿ ಅಂದಾಜಿಸಿದ್ದರು.

ಹಾಗೆಂದು ಪೈ ಚಾರ್ಟನ್ನು ತಿರಸ್ಕರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಪೈ ಚಾರ್ಟನ್ನು ಮೊದಲು ಬಳಸಿದ ವಿಲಿಯಂ ಪ್ಲೇಫೇರ್ 1801ರಲ್ಲಿ ತುರ್ಕಿ ಸಾಮ್ರಾಜ್ಯದ ನೆಲವನ್ನು ವೃತ್ತವೊಂದರಲ್ಲಿ ಏಷ್ಯಾ, ಯುರೋಪ್, ಆಫ್ರಿಕಾ ಎಂದು ಭಾಗಿಸಿ ತೋರಿಸಿದಾಗ ಅಲ್ಲಿದ್ದದ್ದು ಮೂರೇ ಹೋಳು. ಗಡಿಯಾರ ನೋಡಿ ಪಳಗಿದ ಕಣ್ಣಿಗೆ ಅರ್ಧ, ಕಾಲು, ಮುಕ್ಕಾಲು ತಕ್ಷಣ ತಿಳಿಯುತ್ತವೆ. ಅಕ್ಕಪಕ್ಕದ ಎರಡು ಹೋಳುಗಳನ್ನು ಕೂಡಿಸಿ ನೋಡುವುದೂ ವೃತ್ತದಲ್ಲಿ ಸುಲಭ. "ರಾಶಿಯೊಂದೇ ಅರ್ಧಕ್ಕಿಂತ ಹೆಚ್ಚು" ಎಂಬುದಷ್ಟೇ ನನ್ನ ಮಾತಾಗಿದ್ದರೆ ಪೈ ಚಾರ್ಟನ್ನೇ ಉಳಿಸಿಕೊಳ್ಳುತ್ತಿದ್ದೆ. ಏಕೆಂದರೆ ಬಿಡಿ ಪಟ್ಟಿಗಳಲ್ಲಿ ಒಟ್ಟು ಎಂಬುದೇ ಕಾಣಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಪುಟ. ಸರಕು ತೂಕದಲ್ಲಿ ಕಡಿಮೆಯಾದರೂ ಧಾರಣೆಯಲ್ಲಿ ಎಲ್ಲಕ್ಕಿಂತ ಮೇಲೆ, ಗೊರಬಲಿನ ದರ ಕೆಳಗೆ; ಆದ್ದರಿಂದ ತೂಕದ ಪಾಲೂ ಹಣದ ಪಾಲೂ ಒಂದೇ ಅಲ್ಲ. ಇದನ್ನು ತೋರಿಸಲು ಎರಡು ವೃತ್ತಗಳಿಗಿಂತ, ತಲಾ ಶೇ 100ಕ್ಕೆ ಸರಿಹೊಂದಿಸಿದ ಎರಡು ಪದರಪಟ್ಟಿಗಳನ್ನು (ಭಾಗಗಳನ್ನು ಒಂದರ ಮೇಲೊಂದು ಪೇರಿಸಿದ ಪಟ್ಟಿ) ಅಕ್ಕಪಕ್ಕ ನಿಲ್ಲಿಸುವುದು ಮೇಲು. ಆದರೆ ಅಲ್ಲಿ ಸಮಾನ ಗೆರೆ ಸಿಗುವುದು ಬುಡದ ಪದರಕ್ಕೆ ಮತ್ತು ತುದಿಯ ಪದರಕ್ಕೆ ಮಾತ್ರ, ನಡುವಿನವು ತೇಲುತ್ತವೆ. ಹಾಗಾಗಿ ಹೇಳಬೇಕಾದ ಸರಕನ್ನು ಬುಡಕ್ಕೂ ಗೊರಬಲನ್ನು ತುದಿಗೂ ಇಟ್ಟೆ. ವರ್ಷ ವರ್ಷದ ಪಾಲನ್ನು ಹೀಗೆಯೇ ತೋರಿಸಲು ಹೊರಟಾಗ ಮಾತ್ರ ಮನಸ್ಸು ಒಪ್ಪಲಿಲ್ಲ. ಕೊಳೆರೋಗ ಬಂದು ಫಸಲು ನೆಲ ಕಚ್ಚಿದ ವರ್ಷದ ಪಟ್ಟಿಯೂ ತುಂಬು ಬೆಳೆ ಬಂದ ವರ್ಷದ ಪಟ್ಟಿಯಷ್ಟೇ ಎತ್ತರ ನಿಲ್ಲುತ್ತದೆ. ಆ ರೋಗ ತಡೆಯಲು ಮಳೆಗಾಲವಿಡೀ ಬೋರ್ಡೋ ದ್ರಾವಣ ಹೊಡೆಸಿ ಸೋತವರ ಮುಂದೆ ಅಂಥ ಚಿತ್ರ ಇಡುವುದು ತಪ್ಪು. ಅಲ್ಲಿ ಕ್ವಿಂಟಾಲ್ ಲೆಕ್ಕದ ಪಟ್ಟಿಗಳನ್ನೇ ಬಳಸಿದೆ.

ಆಯತವೊಂದನ್ನು ಪಾಲಿಗೆ ತಕ್ಕ ಚಿಕ್ಕ ಆಯತಗಳಾಗಿ ಭಾಗಿಸಿ ತೋರಿಸುವ ಟ್ರೀಮ್ಯಾಪ್ ನಾಲ್ಕು ಭಾಗಗಳಿಗೆ ಬೇಕಿಲ್ಲ. ಒಳವಿಭಾಗಗಳು ಹತ್ತಾರು ಇದ್ದಾಗ ಅದು ಉಪಯುಕ್ತ.

ಉಪಬೆಳೆಗಳ ಲೆಕ್ಕದಲ್ಲಿ ಬಂದ ತೊಡಕು ಬೇರೆಯದು. ಮಲೆನಾಡಿನ ತೋಟದಲ್ಲಿ ಅಡಿಕೆ ಮರಕ್ಕೇ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ನಡುವೆ ಬಾಳೆ, ಏಲಕ್ಕಿ ಇರುತ್ತವೆ. ಅದೇ ಎಕರೆಯನ್ನು ಪ್ರತಿ ಬೆಳೆಯ ಹೆಸರಿನಲ್ಲಿಯೂ ಎಣಿಸಿದರೆ ಮೊತ್ತ ಶೇ 100ನ್ನು ದಾಟುತ್ತದೆ. ಒಂದರೊಳಗೊಂದು ಬೆರೆತಿರುವ ಇವು ಒಟ್ಟಿನ ಭಾಗಗಳೇ ಅಲ್ಲ. ಆದರೂ ಪೈ ಚಾರ್ಟಿಗೆ ಕೊಟ್ಟರೆ ಕಂಪ್ಯೂಟರ್ ಅವನ್ನು ಕುಗ್ಗಿಸಿ ವೃತ್ತದೊಳಗೆ ಕೂರಿಸಿಬಿಡುತ್ತದೆ. ಇಲ್ಲಿ ಬೆಳೆಗೊಂದು ಬಿಡಿ ಪಟ್ಟಿಯೇ ಸರಿ.

ವರದಿ ಅಚ್ಚಾಗುವುದು ಕಪ್ಪು ಬಿಳುಪಿನಲ್ಲಾದ್ದರಿಂದ ಹಸಿರೂ ಕೆಂಪೂ ಒಂದೇ ಬೂದುಬಣ್ಣವಾಗುತ್ತವೆ. ಅದಕ್ಕಾಗಿ ಬಣ್ಣದ ಸೂಚಿಯನ್ನು ತೆಗೆದುಹಾಕಿ, ಮೊದಲ ಪುಟದ ನಾಲ್ಕು ಪಟ್ಟಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಅಡ್ಡಲಾಗಿ ಜೋಡಿಸಿ, ಪಕ್ಕದಲ್ಲೇ ಹೆಸರನ್ನೂ ಅಂಕಿಯನ್ನೂ ಬರೆದು, ಒಟ್ಟು ಕ್ವಿಂಟಾಲನ್ನು ಮೇಲ್ಗಡೆ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.