ಕಾರ್ಡ್ ಪ್ರೊಟೆಕ್ಷನ್ ಪ್ಲಾನ್: ಸೇರುವುದಕ್ಕೆ ಒಂದು ‘ಸರಿ’ ಸಾಕು, ಬಿಡುವುದಕ್ಕೆ?

ಹೊಸ ಕ್ರೆಡಿಟ್ ಕಾರ್ಡ್ ಕೈಗೆ ಬಂದ ಸ್ವಲ್ಪ ದಿನಕ್ಕೆ ಬರುವ ಆ ಫೋನ್ ನಿಮಗೂ ಬಂದಿರುತ್ತದೆ. ನಯವಾದ ದನಿ. ನಿಮ್ಮ ಪೂರ್ತಿ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಎಲ್ಲ ಅವರಿಗೆ ಮೊದಲೇ ಗೊತ್ತು. “ನಿಮ್ಮ ಕಾರ್ಡಿಗೆ ಪ್ರೊಟೆಕ್ಷನ್ ಆಕ್ಟಿವೇಟ್ ಮಾಡ್ತಾ ಇದೀವಿ ಸರ್, ಶುರುವಿನಲ್ಲಿ ಫ್ರೀ, ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಕ್ಯಾನ್ಸಲ್ ಮಾಡಬಹುದು.” ಗಮನಿಸಿದಿರಾ, ತಗೊಳ್ತೀರಾ ಅಂತ ಯಾರೂ ಕೇಳಲಿಲ್ಲ. ಕಾರ್ಡಿಗೆ ಸಂಬಂಧಪಟ್ಟ ಯಾವುದೋ ಮಾಮೂಲಿ ಕೆಲಸ ಮುಗಿಸುತ್ತಿರುವ ಹಾಗೆ ಮಾತು ಸಾಗುತ್ತದೆ. ನೀವು ನಡುವೆ ಎಲ್ಲೋ ‘ಹ್ಞೂಂ, ಸರಿ’ ಅಂದಿರುತ್ತೀರಿ. ಅದು ರೆಕಾರ್ಡ್ ಆಗಿರುತ್ತದೆ. ಒಂದೆರಡು ತಿಂಗಳ ನಂತರ ಸ್ಟೇಟ್‌ಮೆಂಟಿನಲ್ಲಿ ಅರ್ಥವಾಗದ ಒಂದು ತುಂಡು ಹೆಸರು, ಪಕ್ಕದಲ್ಲಿ ಒಂದು ವರ್ಷದ ಮೆಂಬರ್‌ಶಿಪ್ ಫೀಸು.

ಅಷ್ಟಕ್ಕೂ ಇದರಲ್ಲಿ ಸಿಗುವುದೇನು? ಪರ್ಸ್ ಕಳೆದುಹೋದರೆ ಒಂದೇ ಕಾಲ್‌ನಲ್ಲಿ ಎಲ್ಲ ಬ್ಯಾಂಕಿನ ಕಾರ್ಡುಗಳೂ ಬ್ಲಾಕ್. ಪರದೇಶದಲ್ಲಿ ಸಿಕ್ಕಿಹಾಕಿಕೊಂಡರೆ ತುರ್ತು ಹಣ, ಅದೂ ಸಾಮಾನ್ಯವಾಗಿ ಸಾಲವೇ, ವಾಪಸ್ ಕಟ್ಟಬೇಕು. ಮತ್ತೆ, ಯಾರಾದರೂ ನಿಮ್ಮ ಕಾರ್ಡ್ ಉಜ್ಜಿದರೆ ಇಷ್ಟು ಮೊತ್ತದವರೆಗೆ ಕವರ್. ಈ ಕೊನೆಯದನ್ನೇ ಫೋನಿನಲ್ಲಿ ಜಾಸ್ತಿ ಒತ್ತಿ ಹೇಳುವುದು, ಯಾಕೆಂದರೆ ಭಯ ಹುಟ್ಟಿಸುವುದು ಅದೇ.

ಆದರೆ ಕಾರ್ಡ್ ಬ್ಲಾಕ್ ಮಾಡುವುದಕ್ಕೆ ಬ್ಯಾಂಕಿಗೆ ದುಡ್ಡು ಕೊಡಬೇಕಾಗಿಲ್ಲ, ಆ್ಯಪ್ ಇದ್ದರೆ ನೀವೇ ಮಾಡಬಹುದು. ಮೋಸದ ವಹಿವಾಟಿನ ಮಾತಿಗೆ ಬಂದರೆ, ಎಷ್ಟೋ ದೇಶಗಳಲ್ಲಿ ನಿಯಮವೇ ಗ್ರಾಹಕರ ಪರವಾಗಿದೆ. ಅಮೆರಿಕದಲ್ಲಿ ಯಾರೋ ನಿಮ್ಮ ಕ್ರೆಡಿಟ್ ಕಾರ್ಡ್ ಬಳಸಿದರೆ ಕಾನೂನಿನ ಪ್ರಕಾರ ನಿಮ್ಮ ತಲೆ ಮೇಲೆ ಬರುವುದು ಹೆಚ್ಚೆಂದರೆ 50 ಡಾಲರ್. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲೇ ಇದಕ್ಕೆ ನಿಯಮ ತಂದಿತು. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಹೊಣೆ ಸೊನ್ನೆ. ಓಟಿಪಿ ನೀವೇ ಹೇಳಿಬಿಟ್ಟಿದ್ದರೆ ಕಥೆ ಬೇರೆ. ಆಗಲೂ ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದೇ. ಅಂದರೆ ಪ್ಲಾನಿನವರು ದುಡ್ಡಿಗೆ ಮಾರುತ್ತಿರುವುದರಲ್ಲಿ ದೊಡ್ಡ ಪಾಲು ನಮಗೆ ಪುಕ್ಕಟೆಯಾಗಿ ಮೊದಲೇ ಸಿಕ್ಕಿದೆ.

ಇದು ನನ್ನೊಬ್ಬನ ಸಿಡುಕು ಅಲ್ಲ. ಬ್ರಿಟನ್ನಿನಲ್ಲಿ ಸಿಪಿಪಿ ಅನ್ನುವ ಕಂಪನಿ ಇದನ್ನೇ ಮಾರುತ್ತಿತ್ತು. ಹೊಸ ಕಾರ್ಡಿನ ಮೇಲೆ ಅಂಟಿಸಿದ ಸ್ಟಿಕ್ಕರ್‌ನಲ್ಲಿದ್ದ ನಂಬರಿಗೆ ಆಕ್ಟಿವೇಟ್ ಮಾಡಿಸಲು ಫೋನ್ ಮಾಡಿದ ಎಷ್ಟೋ ಜನರಿಗೆ ಆ ಕಡೆ ಸಿಗುತ್ತಿದ್ದದ್ದು ಬ್ಯಾಂಕ್ ಅಲ್ಲ, ಈ ಕಂಪನಿ. 2012ರ ನವೆಂಬರ್‌ನಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಅದಕ್ಕೆ 1.05 ಕೋಟಿ ಪೌಂಡ್ ದಂಡ ಹಾಕಿತು. ಬ್ಯಾಂಕೇ ಹೊರಬೇಕಾಗಿದ್ದ ನಷ್ಟಕ್ಕೆ ಜನರಿಗೆ ವಿಮೆ ಬೇಕು ಅಂತ ನಂಬಿಸಿದ್ದು ಒಂದು ಆರೋಪ. ನನಗೆ ಇನ್ನೂ ಮುಖ್ಯ ಅನ್ನಿಸಿದ್ದು ಬೇರೆ. ಕ್ಯಾನ್ಸಲ್ ಮಾಡಿ ಅಂತ ಸ್ಪಷ್ಟವಾಗಿ ಹೇಳಿದವರನ್ನೂ ಬಿಡದೆ ಹಿಡಿದುಕೊಳ್ಳುವ ಹಾಗೆ ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದರು ಅಂತ ಆ ಆದೇಶದಲ್ಲಿತ್ತು. ಮುಂದಿನ ವರ್ಷ ಸುಮಾರು 70 ಲಕ್ಷ ಗ್ರಾಹಕರಿಗೆ ಪರಿಹಾರ ಕೊಡುವ ಯೋಜನೆ ಬಂತು, ಒಟ್ಟು 130 ಕೋಟಿ ಪೌಂಡ್‌ವರೆಗೆ. ಕಂಪನಿಯ ಜೊತೆ ಬ್ಯಾಂಕುಗಳೂ ದುಡ್ಡು ಹಾಕಬೇಕಾಯಿತು. ಅದೇ 2012ರಲ್ಲಿ ಅಮೆರಿಕದ ಗ್ರಾಹಕ ಹಣಕಾಸು ಸಂಸ್ಥೆ, ಸಿಎಫ್‌ಪಿಬಿ, ತನ್ನ ಮೊಟ್ಟಮೊದಲ ಕ್ರಮ ತೆಗೆದುಕೊಂಡಿದ್ದು ಕ್ಯಾಪಿಟಲ್ ಒನ್ ಮೇಲೆ, ಇಂಥದ್ದೇ ಹೆಚ್ಚುವರಿ ಪ್ಲಾನುಗಳನ್ನು ಕಾಲ್ ಸೆಂಟರ್ ಮೂಲಕ ತಪ್ಪು ಹೇಳಿ ಮಾರಿದ್ದಕ್ಕೆ. 20 ಲಕ್ಷ ಜನರಿಗೆ ಸುಮಾರು 14 ಕೋಟಿ ಡಾಲರ್ ವಾಪಸ್.

ಈಗ ಕ್ಯಾನ್ಸಲ್ ಮಾಡುವ ವಿಷಯ. ಮೊದಲು ನೀವು ಬ್ಯಾಂಕಿಗೆ ಫೋನ್ ಮಾಡುತ್ತೀರಿ. ‘ಅದು ನಮ್ಮದಲ್ಲ ಸರ್, ಪಾರ್ಟ್‌ನರ್ ಕಂಪನಿಯದು, ಅವರನ್ನೇ ಕೇಳಿ.’ ಮಾರುವಾಗ ಬ್ಯಾಂಕಿನ ಹೆಸರೇ ಮುಂದಿತ್ತಲ್ಲ, ಅದು ಈಗ ಯಾರಿಗೂ ನೆನಪಿಲ್ಲ. ಕಂಪನಿಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ, ಸೇರುವುದಕ್ಕೆ ಆಯ್ಕೆ ಇದೆ, ಬಿಡುವುದಕ್ಕೆ ಇಲ್ಲ. ಹಾಡು ಕೇಳಿ ಕೇಳಿ ಕೊನೆಗೆ ಯಾರೋ ಸಿಕ್ಕರೆ ಮೆಂಬರ್‌ಶಿಪ್ ನಂಬರ್ ಕೇಳುತ್ತಾರೆ, ಅದು ನೀವು ಯಾವತ್ತೂ ತೆರೆಯದ ಇಮೇಲ್‌ನಲ್ಲಿರುತ್ತದೆ. ಅದನ್ನೂ ಹುಡುಕಿ ಹೇಳಿದಿರಿ ಅನ್ನಿ, ಆಗ ಶುರುವಾಗುತ್ತದೆ ಯಾಕೆ ಸರ್, ಏನು ತೊಂದರೆ ಆಯ್ತು ಸರ್, ನಾಳೆ ಪರ್ಸ್ ಕಳೆದುಹೋದರೆ ಏನು ಮಾಡ್ತೀರಿ, ಅರ್ಧ ಬೆಲೆಗೆ ಮಾಡಿಕೊಡ್ತೀವಿ, ಇನ್ನು ಮೂರು ತಿಂಗಳು ಫ್ರೀ, ಒಂದು ನಿಮಿಷ ನಮ್ಮ ಸೀನಿಯರ್ ಮಾತಾಡ್ತಾರೆ. ಅಷ್ಟರಲ್ಲಿ ಲೈನ್ ಕಟ್.

ಫೋನಿನಲ್ಲಿರುವ ಹುಡುಗ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದೆ ಓದಿ ಹೇಳಬೇಕಾದ ಸ್ಕ್ರಿಪ್ಟ್ ಇರುತ್ತದೆ, ತಲೆ ಮೇಲೆ ಟಾರ್ಗೆಟ್ ಇರುತ್ತದೆ. ಆದರೆ ಇದನ್ನು ‘ಸರ್ವಿಸ್ ಸರಿಯಿಲ್ಲ’ ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಇದು ವ್ಯವಸ್ಥೆ ಕೆಟ್ಟು ಹೀಗಾಗಿರುವುದಲ್ಲ. ಈ ವ್ಯಾಪಾರದ ಲಾಭ ಇರುವುದು ವರ್ಷ ವರ್ಷ ತಾನಾಗಿ ಆಗುವ ರಿನ್ಯೂವಲ್‌ನಲ್ಲಿ. ಬಿಡುವ ದಾರಿ ಸುಲಭವಾದರೆ ಆ ಲಾಭವೇ ಇರುವುದಿಲ್ಲ, ಅಲ್ವಾ?

ಸುಮ್ನೆ ಕಾರ್ಡ್ ಬದಲಾಯಿಸಿಬಿಟ್ಟರೆ ತಾನಾಗಿ ನಿಲ್ಲುತ್ತದೆ ಅಂತಲೂ ಕೆಲವರು ಅಂದುಕೊಳ್ಳುತ್ತಾರೆ. ಅದನ್ನು ನಂಬಿ ಕೂರಬೇಡಿ. ಹೊಸ ಕಾರ್ಡಿನ ನಂಬರು, ಅವಧಿ ಎಲ್ಲವನ್ನೂ ಕಾಯಂ ಆಗಿ ಹಣ ಕಡಿಯುವ ಕಂಪನಿಗಳಿಗೆ ತಾನಾಗಿ ತಲುಪಿಸುವ ಸೇವೆ ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದೆ. ಕಾರ್ಡ್ ಹೊಸದು, ಫೀಸು ಹಳೆಯದೇ ಆಗಬಹುದು.

ನನಗೆ ಕೊನೆಗೆ ಕೆಲಸಕ್ಕೆ ಬಂದಿದ್ದು ಬರವಣಿಗೆ. ಫೋನ್ ಬಿಟ್ಟುಬಿಡಿ. ಕಂಪನಿಗೆ ಒಂದು ಇಮೇಲ್ ಹಾಕಿ, ಬ್ಯಾಂಕಿಗೂ ಅದರ ಕಾಪಿ ಹೋಗಲಿ. ‘ಈ ಮೆಂಬರ್‌ಶಿಪ್ ಇವತ್ತಿನಿಂದ ಬೇಡ, ಇನ್ನು ಮುಂದೆ ಈ ಕಾರ್ಡಿನಿಂದ ಹಣ ಕಡಿಯಲು ನನ್ನ ಒಪ್ಪಿಗೆ ಇಲ್ಲ, ಕಡಿದ ಹಣ ವಾಪಸ್ ಕೊಡಿ’ ಅಂತ ಮೂರೇ ಸಾಲು. ಕಾರಣ ಬರೆಯಬೇಡಿ, ಕಾರಣ ಕೊಟ್ಟರೆ ಅದಕ್ಕೆ ಉತ್ತರ ಅವರ ಸ್ಕ್ರಿಪ್ಟಿನಲ್ಲಿ ರೆಡಿ ಇರುತ್ತದೆ. ಜೊತೆಗೆ, ನಾನು ಒಪ್ಪಿಕೊಂಡೆ ಅನ್ನುವ ಕಾಲ್ ರೆಕಾರ್ಡಿಂಗ್ ಕಳಿಸಿ ಅಂತ ಕೇಳಿ. ನನ್ನ ವಿಷಯದಲ್ಲಿ ಅದುವರೆಗೆ ಸಾಧ್ಯವೇ ಇಲ್ಲ ಅನ್ನುತ್ತಿದ್ದವರು ರೆಕಾರ್ಡಿಂಗ್ ಕೇಳಿದ ಮೇಲೆ ದನಿ ಬದಲಾಯಿಸಿದರು. ಆ ಟೇಪ್ ಇವತ್ತಿಗೂ ನನಗೆ ಬಂದಿಲ್ಲ, ದುಡ್ಡು ಬಂತು.

ಹೇಳದೆ ಕೇಳದೆ ಹಣ ಕಡಿದಿದ್ದರೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್, ಅಂದರೆ ಇದು ನಾನು ಒಪ್ಪಿದ ಖರ್ಚಲ್ಲ ಅನ್ನುವ ತಕರಾರು, ಹಾಕಿ, ದೂರಿನ ನಂಬರ್ ಇಟ್ಟುಕೊಳ್ಳಿ. ಭಾರತದಲ್ಲಾದರೆ, ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಸರಿ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ.

ಈ ಪ್ಲಾನ್ ಯಾರಿಗೂ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಏಳೆಂಟು ಕಾರ್ಡ್ ಇಟ್ಟುಕೊಂಡು ಒಬ್ಬರೇ ದೇಶ ದೇಶ ಸುತ್ತುವವರಿಗೆ ಒಂದೇ ಕಾಲ್‌ನಲ್ಲಿ ಎಲ್ಲ ಬ್ಲಾಕ್ ಆಗುವುದು ಅನುಕೂಲವೇ. ಅಂಥವರು ಷರತ್ತುಗಳನ್ನು ಓದಿ, ತಾವಾಗಿ ಹೋಗಿ ಕೊಂಡುಕೊಳ್ಳಲಿ. ಫೋನ್ ಬಂದಾಗ ಅಲ್ಲ.

ಇನ್ನೊಂದು ಮರೆತಿದ್ದೆ. ಹಣ ವಾಪಸ್ ಬಂತು ಅಂತ ಮೆಸೇಜ್ ಬಂದ ಮೇಲೂ ಮುಂದಿನ ಸ್ಟೇಟ್‌ಮೆಂಟ್ ತೆರೆದು ನೋಡಿ. ಫೀಸು ಮಾತ್ರ ವಾಪಸ್ ಹಾಕಿ, ಅದರ ಮೇಲಿನ ತೆರಿಗೆ ಮತ್ತು ಬಡ್ಡಿಯನ್ನು ಹಾಗೇ ಬಿಟ್ಟಿರುತ್ತಾರೆ. ಅದಕ್ಕೂ ಅದೇ ಇಮೇಲ್‌ನ ಕೆಳಗೆ ಇನ್ನೊಂದು ಸಾಲು ಬರೆಯಬೇಕಾಗುತ್ತದೆ.