ಯಾಸುನಿ ಕಾಡಿನ ಕಿಚ್ವಾ ಊರಿಗೆ ಹೋಗುವವರಿಗೆ

ಅಮೆಜಾನ್ ಕಾಡು ಅಂದ ಕೂಡಲೇ ಎಲ್ಲರಿಗೂ ಬ್ರೆಜಿಲ್ ನೆನಪಾಗುತ್ತದೆ. ನಾವು ಹೋಗಿದ್ದು ಅದೇ ಕಾಡು ಹಬ್ಬಿರುವ ಈಕ್ವೆಡಾರ್‌ಗೆ. ಅಲ್ಲಿನ ಯಾಸುನಿ ರಾಷ್ಟ್ರೀಯ ಉದ್ಯಾನದಲ್ಲಿ ಕಿಚ್ವಾ ಎಂಬ ಮೂಲನಿವಾಸಿ ಜನರ ಅನ್ಯಾಂಗು ಎಂಬ ಊರಿದೆ. ತಂಗುವ ಲಾಡ್ಜ್ ಊರಿನವರದ್ದೇ. ಬುಕ್ ಮಾಡುವಾಗ ಇದನ್ನು ಮೊದಲು ಕೇಳಿ: ಲಾಡ್ಜ್ ಯಾರದ್ದು, ದುಡ್ಡು ಯಾರಿಗೆ ಹೋಗುತ್ತದೆ?

ರಾಜಧಾನಿ ಕೀಟೊದಿಂದ ಕೋಕಾ ಪಟ್ಟಣಕ್ಕೆ ವಿಮಾನವಿದೆ. ಅಲ್ಲಿಂದ ನಾಪೊ ನದಿಯಲ್ಲಿ ಮೋಟಾರು ದೋಣಿ. ಕೊನೆಯ ಹಾದಿ ಕಿರಿದಾದ ತೊರೆಯಲ್ಲಿ. ಅಲ್ಲಿ ಮೋಟಾರು ಬಿಡುವುದಿಲ್ಲ, ಹುಟ್ಟು ಹಾಕಿಯೇ ಸಾಗಬೇಕು. ಬ್ಯಾಗಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿ, ಮಳೆ ಹೇಳಿ ಕೇಳಿ ಬರುವುದಿಲ್ಲ.

ಒಂದು ಬೆಳಗ್ಗೆ ಮಾತ್ರ ನಿದ್ದೆ ಬಿಟ್ಟು ಏಳಿ. ಬೆಳಕು ಹರಿಯುವ ಮೊದಲೇ ಕಿಚ್ವಾ ಮನೆಗಳಲ್ಲಿ ಗುವಾಯುಸಾ ಎಲೆ ಕುದಿಯುತ್ತಿರುತ್ತದೆ. ಕಾಫಿಯ ಹಾಗೆ ಇದರಲ್ಲೂ ಕೆಫೀನ್ ಇದೆ, ಆದರೆ ಕಹಿ ಕಡಿಮೆ. ಒಲೆ ಸುತ್ತ ಕೂತು ಕುಡಿಯುತ್ತಾ ರಾತ್ರಿ ಯಾರಿಗೆ ಏನು ಕನಸು ಬಿತ್ತು ಅಂತ ಹೇಳಿಕೊಳ್ಳುತ್ತಾರೆ. ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ. ಹಿಂದೆ ಆ ದಿನ ಬೇಟೆಗೆ ಹೋಗಬೇಕೋ ಬೇಡವೋ ಅನ್ನುವುದೂ ಇಲ್ಲೇ ತೀರ್ಮಾನವಾಗುತ್ತಿತ್ತಂತೆ. ಆಗ ಕ್ಯಾಮೆರಾ ತೆಗೆಯಬೇಡಿ, ಸುಮ್ನೆ ಕೂತು ಕೇಳಿ.

ಊಟದಲ್ಲಿ ಮರಗೆಣಸು ಜಾಸ್ತಿ. ನಮ್ಮ ಕಡೆ ಬೆಳೆಯುವ ಅದೇ ಗೆಣಸು, ಅದರ ತವರೇ ದಕ್ಷಿಣ ಅಮೆರಿಕ. ಅದನ್ನೇ ಹುಳಿ ಬರಿಸಿ ಚಿಚಾ ಎಂಬ ಪಾನೀಯ ಮಾಡುತ್ತಾರೆ. ಹಳೇ ಪದ್ಧತಿಯಲ್ಲಿ ಹೆಂಗಸರು ಬೇಯಿಸಿದ ಗೆಣಸನ್ನು ಅಗಿದು ಉಗಿದು ಹುಳಿ ಬರಿಸುತ್ತಾರೆ. ಚಿಚಾ ಕೊಡುವುದು ಅತಿಥಿಗೆ ಮಾಡುವ ಮರ್ಯಾದೆ. ಆದಷ್ಟೂ ಒಂದು ಗುಟುಕಾದರೂ ಕುಡಿಯಿರಿ. ಮೀನನ್ನು ಅಗಲ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಡುವ ಮೈತೊ ನಿಜಕ್ಕೂ ರುಚಿ. ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ತಿಳಿಸಿಬಿಡಿ.

ಈ ಕಾಡಿನಡಿ ಕಚ್ಚಾ ತೈಲ ಇದೆ. 2023ರ ಆಗಸ್ಟ್‌ನಲ್ಲಿ ಈಕ್ವೆಡಾರ್ ಜನ ಮತ ಹಾಕಿ, ಯಾಸುನಿಯ 43ನೇ ಬ್ಲಾಕಿನ (ತೈಲ ತೆಗೆಯಲು ಗುರುತು ಮಾಡಿದ ಒಂದು ಭಾಗ) ತೈಲ ನೆಲದಲ್ಲೇ ಇರಲಿ ಅಂದರು. ಕಾಡು ಉಳಿಸಿಕೊಂಡೇ ಬದುಕಬಹುದು ಅಂತ ತೋರಿಸುತ್ತಿರುವವರು ಅನ್ಯಾಂಗುವಿನಂಥ ಊರಿನವರು. ಅದಕ್ಕೇ ಅಲ್ಲಿ ಸ್ವಲ್ಪ ಜಾಸ್ತಿ ಖರ್ಚಾದರೂ ನನಗೆ ಬೇಸರವಿಲ್ಲ.

ಹೊರಗಿನವರ ಸಂಪರ್ಕವೇ ಬೇಡ ಅಂತಿರುವ ತಗಾಯೆರಿ, ತರೋಮೆನಾನೆ ಜನರೂ ಯಾಸುನಿಯಲ್ಲಿದ್ದಾರೆ. ಅವರನ್ನು ತೋರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಖಂಡಿತ ಹೋಗಬೇಡಿ. ನಮ್ಮ ಒಂದು ನೆಗಡಿ ಅವರ ಜೀವ ತೆಗೆಯಬಹುದು.

ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಳ್ಳಿ. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಈಕ್ವೆಡಾರ್‌ನಲ್ಲಿ ನಡೆಯುವುದು ಅಮೆರಿಕನ್ ಡಾಲರ್. ಊರಿನ ಹೆಂಗಸರು ಬೀಜ ಪೋಣಿಸಿ ಮಾಡಿದ ಸರ ಕೊಳ್ಳುವುದಕ್ಕೆ ಸಣ್ಣ ನೋಟುಗಳನ್ನು ಕೀಟೊದಲ್ಲೇ ಮಾಡಿಸಿಕೊಳ್ಳಿ.