ಬಂಕ್ ಜಾನ್ಸನ್‌ನ ಹಲ್ಲುಸೆಟ್ಟು

ಹಲ್ಲುಸೆಟ್ ಕಟ್ಟುವುದು ನನ್ನ ಕೆಲಸ. ಬಾಯಿಯ ಅಳತೆ ತೆಗೆಯುವ ಮೊದಲು ಎಲ್ಲರನ್ನೂ ‘ಏನು ಕೆಲಸ ಮಾಡ್ತೀರಿ?’ ಅಂತ ಕೇಳುತ್ತೇನೆ. ಬಿಲ್ ಎಷ್ಟು ಹಾಕಬಹುದು ಅಂತ ಅಂದಾಜು ಮಾಡ್ತಿದ್ದಾರೆ ಅಂತ ಕೆಲವರಿಗೆ ಗುಮಾನಿ. ನಿಜ ಹೇಳಬೇಕೆಂದರೆ ಈ ಅಭ್ಯಾಸ ಗಟ್ಟಿಯಾಗಿದ್ದು ಒಬ್ಬ ಟ್ರಂಪೆಟ್ ವಾದಕನ ಕಥೆ ಓದಿದ ಮೇಲೆ.

ಆ ವಾದಕ ಬಂಕ್ ಜಾನ್ಸನ್ ಅಮೆರಿಕದ ನ್ಯೂ ಆರ್ಲಿಯನ್ಸ್‌ನವನು, ಜಾಝ್ ಹುಟ್ಟಿದ ಊರಿನ ಹಳೇ ತಲೆ. ಹುಟ್ಟಿದ್ದು 1879ರಲ್ಲಿ ಅಂತ ಹೇಳಿಕೊಳ್ಳುತ್ತಿದ್ದ. ಹತ್ತು ವರ್ಷ ಸೇರಿಸಿಯೇ ಹೇಳಿದ್ದಾನೆ ಅನ್ನುವ ಸಂಶೋಧಕರಿದ್ದಾರೆ. ಜಾಝ್‌ನ ದೊಡ್ಡ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಪಾಠ ಹೇಳಿಕೊಟ್ಟವನೇ ನಾನು ಅಂತಲೂ ಕೊಚ್ಚಿಕೊಂಡಿದ್ದ. ಕೊಚ್ಚಿಕೊಳ್ಳಲಿ ಬಿಡಿ, ನುಡಿಸಲು ಬರುತ್ತಿತ್ತಲ್ಲ. 1931ರಲ್ಲಿ ಲೂಯಿಸಿಯಾನದ ರೇನ್ ಎಂಬ ಊರಲ್ಲಿ ಇವನಿದ್ದ ಬ್ಯಾಂಡ್ ನುಡಿಸುತ್ತಿದ್ದಾಗ ಬ್ಯಾಂಡಿನ ಯಜಮಾನ ಇವಾನ್ ಥಾಮಸ್‌ನನ್ನು ಒಬ್ಬ ವೇದಿಕೆಯ ಮೇಲೇ ಇರಿದು ಕೊಂದ. ಆ ಗಲಾಟೆಯಲ್ಲಿ ಬಂಕ್‌ನ ಟ್ರಂಪೆಟ್ ಹಾಳಾಯಿತು. ಆಮೇಲೆ ಹಲ್ಲುಗಳೂ ಹೋದವು. ನ್ಯೂ ಐಬೀರಿಯಾದಲ್ಲಿ ಕೂಲಿನಾಲಿ ಮಾಡಿಕೊಂಡು ಉಳಿದ.

ಮೂವತ್ತರ ದಶಕದ ಕೊನೆಯಲ್ಲಿ ಜಾಝ್ ಇತಿಹಾಸ ಕೆದಕುತ್ತಿದ್ದವರು ವಿಳಾಸ ಹುಡುಕಿ ಕಾಗದ ಬರೆದರು. ಹಲ್ಲು ಮತ್ತು ಒಂದು ಒಳ್ಳೆಯ ಟ್ರಂಪೆಟ್ ಸಿಕ್ಕರೆ ಮತ್ತೆ ನುಡಿಸುತ್ತೇನೆ ಅಂತ ಇವನ ಉತ್ತರ. ಅಭಿಮಾನಿಗಳು ದುಡ್ಡು ಕೂಡಿಸಿದರು. ಸೆಟ್ ಮಾಡಿಕೊಟ್ಟವರು ದಂತವೈದ್ಯ ಲೆನಾರ್ಡ್ ಬೆಶೆ, ಹೆಸರಾಂತ ಕ್ಲಾರಿನೆಟ್ ವಾದಕ ಸಿಡ್ನಿ ಬೆಶೆಯ ಅಣ್ಣ. ನನಗೆ ಖುಷಿ ಕೊಟ್ಟ ವಿಷಯವೆಂದರೆ ಈ ಡಾಕ್ಟರು ಸ್ವತಃ ಟ್ರಾಂಬೋನ್ ಊದಿದವರು. ಪೇಷಂಟ್ ಬಾಯಿಗೆ ಏನು ಬೇಕು ಅಂತ ಅವರಿಗೆ ಬೇರೆಯವರು ಹೇಳಬೇಕಿರಲಿಲ್ಲ. 1942ರಲ್ಲಿ ಬಂಕ್‌ನ ಮೊದಲ ರೆಕಾರ್ಡಿಂಗ್ ಆಯಿತು, 1945ರಲ್ಲಿ ನ್ಯೂಯಾರ್ಕ್‌ನಲ್ಲಿ ಜನ ಸೇರಿಸಿದ. 1949ರಲ್ಲಿ ತೀರಿಕೊಂಡ. ಆರ್ಮ್‌ಸ್ಟ್ರಾಂಗ್‌ನ ನಿಜವಾದ ಗುರು ಕಿಂಗ್ ಆಲಿವರ್‌ಗೆ ಈ ಅದೃಷ್ಟ ಇರಲಿಲ್ಲ. ಒಸಡಿನ ಕಾಯಿಲೆ ಅವನ ವಾದನವನ್ನೇ ತಿಂದುಹಾಕಿತು, 1938ರಲ್ಲಿ ಸವಾನಾದಲ್ಲಿ ಬಡತನದಲ್ಲೇ ಸತ್ತ.

ಟ್ರಂಪೆಟ್ ಊದುವವರ ತುಟಿಗೆ ಮುಂದಿನ ಹಲ್ಲುಗಳದ್ದೇ ಆಸರೆ. ಮೌತ್‌ಪೀಸ್, ಅಂದರೆ ಬಾಯಿಗಿಟ್ಟು ಊದುವ ತುದಿ, ಒತ್ತಿದಾಗ ಮೇಲಿನ ಸೆಟ್ಟಿನ ಮುಂಭಾಗಕ್ಕೆ ಭಾರ ಬಿದ್ದು ಹಿಂಭಾಗ ಅಂಗುಳಿನಿಂದ ಬಿಟ್ಟುಕೊಳ್ಳುತ್ತದೆ. ಮುದ್ದೆ, ಚಪಾತಿ ತಿನ್ನುವವರಿಗೆ ಚೆನ್ನಾಗಿ ಕೂತ ಸೆಟ್ಟೇ ಊದುವವರಿಗೆ ಕೈಕೊಡುವುದು ಇಲ್ಲೇ.

ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುವ ಹಿರಿಯರೊಬ್ಬರು ಬಂದಾಗ, ಹಲ್ಲಿದ್ದ ಕಾಲದ ಫೋಟೊ ತರಲು ಹೇಳಿದೆ. ಮೇಲಿನ ಎರಡು ಹಲ್ಲು ಕೊಂಚ ಮುಂದಕ್ಕೆ, ನಡುವೆ ಸಣ್ಣ ಸಂದು. ಜೊತೆಗೆ ಬಂದ ಮಗಳದು ಒಂದೇ ಹಟ: ‘ಸಂದು ಮುಚ್ಚಿ ಸಾಲಾಗಿ ಜೋಡಿಸಿ ಡಾಕ್ಟ್ರೇ, ನೋಡೋಕೆ ಚೆನ್ನಾಗಿರುತ್ತೆ.’ ಯಜಮಾನರು ನನ್ನ ಮುಖ ನೋಡಿದರು. ಸೆಟ್ ಗಟ್ಟಿ ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಲ್ಲಿಟ್ಟು ನೋಡುವ ಟ್ರಯಲ್ ದಿನ ಅವರು ಮೌತ್‌ಪೀಸ್ ಜೇಬಲ್ಲಿ ಹಾಕಿಕೊಂಡೇ ಬಂದಿದ್ದರು. ಮೇಣ ಜರುಗುತ್ತದೆ, ಜೋರಾಗಿ ಊದಬೇಡಿ, ತುಟಿಗೆ ಇಟ್ಟು ನೋಡಿ ಅಂದೆ. ಇಟ್ಟು, ತೆಗೆದು, ನಾಲಿಗೆಯಿಂದ ಹಲ್ಲಿನ ಅಂಚು ಸವರಿ, ‘ಎಡಗಡೆದು ಚೂರು ಒಳಗೆ ಹೋಗಿದೆ ಸಾರ್’ ಅಂದರು. ಫೋಟೊ ಹಿಡಿದು ನೋಡಿದರೆ ಹೌದು. ಸ್ಪಾಚುಲಾ ಕಾಯಿಸಿ ಮುಂದಕ್ಕೆ ತಂದೆ. ಸಂದು ಹಾಗೇ ಉಳಿಯಿತು, ಮಗಳಿಗೆ ಇನ್ನೂ ಬೇಜಾರು. ಸೀಸನ್ ಶುರುವಾಗುವ ಮುಂಚೆ ಮನೆಯಲ್ಲೇ ದಿನಕ್ಕೆ ಸ್ವಲ್ಪ ಸ್ವಲ್ಪ ಊದಿ, ಒಸಡು ಕೆಂಪಾದರೆ ಬನ್ನಿ ಅಂತ ಹೇಳಿ ಕಳಿಸಿದ್ದೇನೆ.